ಚಿತ್ರದ ಜೊತೆ ತೂಕವನ್ನೂ ಹಾಕಿ

ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರದ ನಿಮ್ಮ ಪುರವಣಿಯಲ್ಲಿ ಪ್ರಕೃತಿಯನ್ನು ನೋಡಿ ಕಟ್ಟಿದ ಕಟ್ಟಡಗಳ ಬಗ್ಗೆ ಎರಡು ಪುಟದ ಲೇಖನ ಬಂದಿತ್ತು. ಎಲೆಯ ಹಾಗಿರುವ ಚಾವಣಿ, ಶಂಖದ ಹಾಗೆ ಸುತ್ತಿಕೊಂಡ ಗೋಪುರ, ಜೇನುಗೂಡಿನಂಥ ಗೋಡೆ. ಚಿತ್ರಗಳು ಚೆನ್ನಾಗಿದ್ದವು. ‘ಕಂಪ್ಯೂಟರ್ ಅಲ್ಗಾರಿದಂ ಬಳಸಿ ವಿನ್ಯಾಸ ಮಾಡಲಾಗಿದೆ’ ಎಂಬ ಮಾತು ಅಲ್ಲಲ್ಲಿ ಬಂದುಹೋಗುತ್ತಿತ್ತು. ಓದಿ ಮುಗಿಸಿದ ಮೇಲೆ ಪೆನ್ಸಿಲ್ ಹಿಡಿದು ಇನ್ನೊಂದು ಸಲ ಓದಿದೆ. ಕಸುಬಿನ ಚಟ. ಎರಡು ಪುಟದಲ್ಲಿ ಒಂದೇ ಒಂದು ಅಂಕಿ ಸಿಗಲಿಲ್ಲ. ಎಷ್ಟು ಟನ್ ಉಕ್ಕು, ಎಷ್ಟು ಕಾಂಕ್ರೀಟ್, ಕಂಬದಿಂದ ಕಂಬಕ್ಕೆ ಎಷ್ಟು ದೂರ, ವರ್ಷಕ್ಕೆ ಎಷ್ಟು ಕರೆಂಟ್, ಏನೂ ಇಲ್ಲ.

ನಾನು ಸ್ಟ್ರಕ್ಚರಲ್ ಎಂಜಿನಿಯರ್. ಆರ್ಕಿಟೆಕ್ಟ್ ಎಳೆದ ಗೆರೆ ನಿಲ್ಲುತ್ತದೋ ಬೀಳುತ್ತದೋ ಎಂದು ಲೆಕ್ಕ ಹಾಕುವುದು ನನ್ನ ಕೆಲಸ. ಅಲ್ಗಾರಿದಂ ಜೊತೆ ದಿನಾ ಒಡನಾಟ ಇದೆ. ಪ್ರಕೃತಿಯಿಂದ ಕಲಿಯುವುದಕ್ಕೂ ನನ್ನ ವಿರೋಧ ಇಲ್ಲ. ಆದರೆ ಒಂದು ಕಟ್ಟಡ ಎಲೆಯ ಹಾಗೆ ಕಾಣುತ್ತದೆ ಎನ್ನುವುದಕ್ಕೂ ಎಲೆಯ ಹಾಗೆ ಕೆಲಸ ಮಾಡುತ್ತದೆ ಎನ್ನುವುದಕ್ಕೂ ಬಹಳ ಅಂತರ ಇದೆ. ಆ ಅಂತರ ಚಿತ್ರದಲ್ಲಿ ಕಾಣುವುದಿಲ್ಲ, ತೂಕದಲ್ಲಿ ಕಾಣುತ್ತದೆ.

ಬಕ್‌ಮಿನ್‌ಸ್ಟರ್ ಫುಲ್ಲರ್ ಎಂಬ ಅಮೆರಿಕದ ವಿನ್ಯಾಸಕಾರರು ಒಮ್ಮೆ ಬ್ರಿಟನ್ನಿನ ಆರ್ಕಿಟೆಕ್ಟ್ ನಾರ್ಮನ್ ಫಾಸ್ಟರ್‌ಗೆ ಇದೇ ಪ್ರಶ್ನೆ ಕೇಳಿದ್ದರು. ಇಂಗ್ಲೆಂಡಿನಲ್ಲಿ ಫಾಸ್ಟರ್ ಕಟ್ಟಿದ ಸೇನ್ಸ್‌ಬರಿ ಸೆಂಟರ್ ಎಂಬ ಕಲಾ ಸಂಗ್ರಹಾಲಯ 1978ರಲ್ಲಿ ತೆರೆದಿತ್ತು. ಅದನ್ನೆಲ್ಲ ಸುತ್ತಿ ನೋಡಿದ ಮುದುಕ ಕೇಳಿದ್ದು, ‘ನಿಮ್ಮ ಕಟ್ಟಡದ ತೂಕ ಎಷ್ಟು?’ ಫಾಸ್ಟರ್ ಬಳಿ ಉತ್ತರ ಇರಲಿಲ್ಲ. ಆಮೇಲೆ ಲೆಕ್ಕ ಹಾಕಿಸಿ ಕಾಗದ ಬರೆದರು. ಅಷ್ಟು ದೊಡ್ಡ ಆರ್ಕಿಟೆಕ್ಟಿಗೇ ಥಟ್ಟನೆ ಹೇಳಲಾಗದ ಪ್ರಶ್ನೆಯನ್ನು ನಿಮ್ಮ ವರದಿಗಾರರು ಕೇಳಲಿಲ್ಲ ಎಂದು ದೂರುವುದು ಜಾಸ್ತಿಯಾಯಿತೇನೋ. ಆದರೂ ಕೇಳಬೇಕಿತ್ತು.

ಪ್ರಕೃತಿ ಮತ್ತು ಲೆಕ್ಕ ಈಗಷ್ಟೇ ಜೊತೆಯಾದವು ಎಂಬ ಧಾಟಿ ನಿಮ್ಮ ಲೇಖನದಲ್ಲಿತ್ತು. ಅದು ಹಾಗಲ್ಲ. 1675ರಲ್ಲೇ ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ ಇದನ್ನು ಬರೆದಿಟ್ಟಿದ್ದ. ಸರಪಳಿಯನ್ನು ಎರಡು ತುದಿ ಹಿಡಿದು ಇಳಿಬಿಟ್ಟರೆ ಅದು ಯಾವ ಆಕಾರಕ್ಕೆ ಬರುತ್ತದೋ, ಅದನ್ನೇ ತಲೆಕೆಳಗು ಮಾಡಿದರೆ ಕಮಾನು ನಿಲ್ಲುತ್ತದೆ ಎಂದು. ಸರಪಳಿಯಲ್ಲಿ ಬರೀ ಎಳೆತ, ಕಮಾನಿನಲ್ಲಿ ಬರೀ ಒತ್ತಡ. ಬಾಗುವ ಪ್ರಶ್ನೆಯೇ ಇಲ್ಲ. ಹುಕ್ ಇದನ್ನು ನೇರವಾಗಿ ಹೇಳದೆ ಅಕ್ಷರಗಳನ್ನು ಕಲಸಿ ಒಗಟಿನ ಹಾಗೆ ಅಚ್ಚು ಹಾಕಿಸಿದ. ಬೇರೆಯವರು ಕದಿಯಬಾರದಲ್ವಾ!

ಸ್ಪೇನಿನ ಆರ್ಕಿಟೆಕ್ಟ್ ಆಂಟೋನಿ ಗೌಡಿ ಇದನ್ನು ಎಷ್ಟು ದೂರ ಒಯ್ದ ಎಂದು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಬಾರ್ಸಿಲೋನಾ ಹತ್ತಿರದ ಕೊಲೋನಿಯಾ ಗುಯೆಲ್ ಚರ್ಚಿಗಾಗಿ ಅವನು ಚಾವಣಿಯಿಂದ ದಾರಗಳನ್ನು ಇಳಿಬಿಟ್ಟು ಮಾದರಿ ಮಾಡಿದ. ದಾರಕ್ಕೆ ದಾರ ಕಟ್ಟಿ, ಒಂದೊಂದು ಗಂಟಿನಲ್ಲೂ ಸೀಸದ ಗುಂಡು ತುಂಬಿದ ಚಿಕ್ಕ ಚೀಲ ನೇತುಹಾಕಿದ. ಮಾದರಿಯ ಅಳತೆ ನಿಜದ ಹತ್ತರಲ್ಲಿ ಒಂದು ಪಾಲು. ತೂಕ ಹತ್ತು ಸಾವಿರದಲ್ಲಿ ಒಂದು ಪಾಲು. ಇಲ್ಲಿ ಒಂದು ಚೀಲಕ್ಕೆ ನಾಲ್ಕು ಗುಂಡು ಜಾಸ್ತಿ ಹಾಕಿದರೆ ಅತ್ತ ಕೊನೆಯ ದಾರದವರೆಗೂ ಎಲ್ಲವೂ ಸ್ವಲ್ಪ ಸ್ವಲ್ಪ ಸರಿಯುತ್ತಿತ್ತು. ಆಮೇಲೆ ಫೋಟೋ ತೆಗೆದು, ಅದನ್ನು ತಲೆಕೆಳಗು ಮಾಡಿ, ಅದರ ಮೇಲೆ ಬಣ್ಣ ಹಾಕಿ ಚರ್ಚಿನ ಚಿತ್ರ ಬರೆದ. ಇವತ್ತು ನಾವು ಪ್ಯಾರಾಮೆಟ್ರಿಕ್ ಮಾಡೆಲ್ ಎಂದು ದುಡ್ಡು ಕೊಟ್ಟು ಸಾಫ್ಟ್‌ವೇರ್ ತರುತ್ತೇವಲ್ಲ, ಅದು ಇದೇ. ಒಂದು ಕಡೆ ಬದಲಾಯಿಸಿದರೆ ಉಳಿದದ್ದು ತಾನೇ ಹೊಂದಿಕೊಳ್ಳಬೇಕು. ಗೌಡಿಯ ಕಂಪ್ಯೂಟರಿಗೆ ಕರೆಂಟ್ ಬೇಕಿರಲಿಲ್ಲ, ಗುರುತ್ವ ಸಾಕಿತ್ತು. ಹತ್ತು ವರ್ಷ ಹಿಡಿಯಿತು, ಚರ್ಚಿನ ನೆಲಮಾಳಿಗೆ ಮಾತ್ರ ಕಟ್ಟಲಾಯಿತು ಎನ್ನುವುದು ಬೇರೆ ಮಾತು.

ಕಂಪ್ಯೂಟರ್ ಬಂದದ್ದು ಎಲ್ಲಿ ಗೊತ್ತಾ? ಕೈಯಿಂದ ಮಾಡಿದ ಮಾದರಿ ಸಾಲದೆ ಹೋದಾಗ. 1972ರ ಮ್ಯೂನಿಕ್ ಒಲಿಂಪಿಕ್ಸ್ ಕ್ರೀಡಾಂಗಣದ ಚಾವಣಿಯನ್ನು ನೀವು ನೋಡಿರುತ್ತೀರಿ. ಗುಂಟರ್ ಬೆನಿಶ್ ಅದರ ಆರ್ಕಿಟೆಕ್ಟ್, ಚಾವಣಿಯ ಹಿಂದಿನ ತಲೆ ಫ್ರೈ ಓಟೋ. ಓಟೋ ಸೋಪಿನ ನೀರಿನಲ್ಲಿ ತಂತಿಯ ಚೌಕಟ್ಟು ಅದ್ದಿ, ಅದರಲ್ಲಿ ನಿಲ್ಲುವ ತೆಳು ಪೊರೆಯನ್ನು ಅಳೆದು ಡೇರೆಗಳ ಆಕಾರ ಕಂಡುಕೊಳ್ಳುತ್ತಿದ್ದರು. ಸೋಪಿನ ಪೊರೆ ತನಗೆ ಸಾಧ್ಯವಾದಷ್ಟು ಚಿಕ್ಕ ಮೇಲ್ಮೈಗೆ ತಾನೇ ಬಂದು ನಿಲ್ಲುತ್ತದೆ, ಎಲ್ಲ ಕಡೆಯೂ ಒಂದೇ ಬಿಗಿ. ಸಣ್ಣ ಡೇರೆಗೆ ಆ ಅಳತೆ ಸಾಕಿತ್ತು. ಮ್ಯೂನಿಕ್‌ನಲ್ಲಿ ಸುಮಾರು 75,000 ಚದರ ಮೀಟರ್ ಉಕ್ಕಿನ ಹಗ್ಗದ ಬಲೆ. ಮಾದರಿಯಲ್ಲಿ ಒಂದು ಮಿಲಿಮೀಟರ್ ತಪ್ಪಿದರೆ ನಿಜದ ಹಗ್ಗ ಒಂದೋ ಜೋಲುತ್ತದೆ ಇಲ್ಲವೇ ಕಿತ್ತುಬರುತ್ತದೆ. ಆಗ ಸ್ಟುಟ್‌ಗಾರ್ಟ್‌ನ ಕ್ಲೌಸ್ ಲಿಂಕ್‌ವಿಟ್ಸ್ ಮತ್ತು ಅವರ ಜೊತೆಯವರು ಬಲೆಯ ಸಮತೋಲನವನ್ನು ಕಂಪ್ಯೂಟರಿನಲ್ಲಿ ಬಿಡಿಸುವ ಹೊಸ ದಾರಿ ಕಂಡುಹಿಡಿದರು. ಒಂದೊಂದು ಹಗ್ಗದ ಬಲವನ್ನು ಅದರ ಉದ್ದದಿಂದ ಭಾಗಿಸಿ ಬರುವ ಸಂಖ್ಯೆಯನ್ನು ಮೊದಲೇ ನಿಗದಿ ಮಾಡಿಬಿಡುವುದು. ಅಷ್ಟು ಮಾಡಿದರೆ ಜಟಿಲವಾದ ಸಮೀಕರಣಗಳು ಸರಳವಾಗಿ ಬಿಡುತ್ತವೆ. ಫೋರ್ಸ್ ಡೆನ್ಸಿಟಿ ವಿಧಾನ ಎಂದು ಅದಕ್ಕೆ ಹೆಸರು. ಇವತ್ತಿಗೂ ನಾನು ಡೇರೆ ಚಾವಣಿಯ ಲೆಕ್ಕವನ್ನು ಅಲ್ಲಿಂದಲೇ ಶುರು ಮಾಡುತ್ತೇನೆ.

ಗಮನಿಸಿ, ಇವರಲ್ಲಿ ಯಾರೂ ಒಂದು ಪ್ರಾಣಿಯನ್ನೋ ಹೂವನ್ನೋ ನೋಡಿ ಅದರ ಹಾಗೆ ಕಾಣಲಿ ಎಂದು ಹೊರಟವರಲ್ಲ. ಪ್ರಕೃತಿಯಲ್ಲಿ ಆಕಾರ ಹೇಗೆ ಹುಟ್ಟುತ್ತದೆ ಎಂಬ ನಿಯಮ ಹಿಡಿದುಕೊಂಡರು. ಆಕಾರ ಹಿಂದಿನಿಂದ ಬಂತು.

ಈಗ ನಡೆಯುತ್ತಿರುವುದು ಉಲ್ಟಾ. ಆರ್ಕಿಟೆಕ್ಚರ್ ವಿದ್ಯಾರ್ಥಿಗಳ ಕೆಲಸ ನೋಡಿ ಅಭಿಪ್ರಾಯ ಹೇಳಲು ನನ್ನನ್ನು ಆಗಾಗ ಕರೆಯುತ್ತಾರೆ. ಇತ್ತೀಚೆಗೆ ಒಬ್ಬ ಹುಡುಗ ದೊಡ್ಡ ಸಭಾಂಗಣದ ಚಾವಣಿ ತಂದಿದ್ದ. ಚಪ್ಪಟೆ ಚಾವಣಿ, ಅದರ ತುಂಬ ಒಂದರ ಪಕ್ಕ ಒಂದು ಸೊಟ್ಟ ಸೊಟ್ಟ ಕೋಣೆಗಳ ಜಾಲ.

‘ಎಲ್ಲಿಂದ ಬಂತಪ್ಪ ಇದು?’

‘ಏರೋಪ್ಲೇನ್ ಚಿಟ್ಟೆಯ ರೆಕ್ಕೆಯಿಂದ, ಮೇಡಂ. ವೊರೊನಾಯ್ ಹಾಕಿದೀನಿ.’

ವೊರೊನಾಯ್ ಎಂದರೆ ಒಂದು ಸರಳ ಲೆಕ್ಕ. ಹಾಳೆಯ ಮೇಲೆ ಒಂದಷ್ಟು ಚುಕ್ಕೆ ಇಡಿ. ಹಾಳೆಯ ಪ್ರತಿ ಜಾಗವೂ ತನಗೆ ಅತಿ ಹತ್ತಿರದ ಚುಕ್ಕೆಗೆ ಸೇರಲಿ. ಗಡಿಗಳು ತಾವೇ ಮೂಡುತ್ತವೆ. ಸಾಫ್ಟ್‌ವೇರಿನಲ್ಲಿ ಇದಕ್ಕೊಂದು ಬಟನ್ ಇದೆ. ಒತ್ತಿದರೆ ಯಾವುದೇ ಮೇಲ್ಮೈ ಅರ್ಧ ನಿಮಿಷದಲ್ಲಿ ‘ಪ್ರಕೃತಿ’ ಆಗಿಬಿಡುತ್ತದೆ.

ನಾನು ಫೋನಿನಲ್ಲಿ ಆ ಚಿಟ್ಟೆಯ ರೆಕ್ಕೆಯ ಫೋಟೋ ತೆಗೆದು ತೋರಿಸಿದೆ. ರೆಕ್ಕೆಯ ಮುಂಭಾಗದಲ್ಲಿ ನರಗಳು ದಪ್ಪ, ಕೋಣೆಗಳು ಹೆಚ್ಚುಕಡಿಮೆ ಚೌಕ. ಹಿಂದಕ್ಕೆ ಹೋದಂತೆ ನರ ತೆಳುವಾಗಿ ಕೋಣೆಗಳು ಐದು ಮೂಲೆ, ಆರು ಮೂಲೆ ಆಗುತ್ತವೆ. ಮುಂಭಾಗ ಗಟ್ಟಿಯಾಗಿರಬೇಕು, ಹಿಂಭಾಗ ಬಳುಕಬೇಕು. ಹಾರುವುದಕ್ಕೆ ಅದು ಬೇಕು. ಇನ್ನೊಂದು ಸಂಗತಿ ಮೇಲಿನಿಂದ ತೆಗೆದ ಫೋಟೋದಲ್ಲಿ ಕಾಣುವುದೇ ಇಲ್ಲ. ರೆಕ್ಕೆಯನ್ನು ಅಡ್ಡ ಕತ್ತರಿಸಿ ನೋಡಿದರೆ ಅದು ಚಪ್ಪಟೆ ಅಲ್ಲ, ಮಡಿಕೆ ಮಡಿಕೆ. ಕಾಗದವನ್ನು ಬೀಸಣಿಗೆಯ ಹಾಗೆ ಮಡಿಸಿದರೆ ಬಾಗದೆ ನಿಲ್ಲುತ್ತದಲ್ಲ, ಹಾಗೆ. ಅಷ್ಟು ತೆಳುವಾದ ರೆಕ್ಕೆಗೆ ಬಿಗಿ ಬರುವುದು ಬಹುಪಾಲು ಆ ಮಡಿಕೆಗಳಿಂದ. ಹುಡುಗನ ಚಾವಣಿಯಲ್ಲಿ ಮಡಿಕೆ ಇರಲಿಲ್ಲ. ಮುಂದೆ ದಪ್ಪ, ಹಿಂದೆ ತೆಳು ಎಂಬುದೂ ಇರಲಿಲ್ಲ. ಕಣ್ಣಿಗೆ ಬೀಳುವುದನ್ನು ಮಾತ್ರ ತೆಗೆದುಕೊಂಡು, ಕೆಲಸ ಮಾಡುವುದನ್ನು ಅಲ್ಲೇ ಬಿಟ್ಟು ಬಂದಿದ್ದ. ಹುಡುಗ ಚುರುಕು. ‘ಹಾಗಾದ್ರೆ ಜಾಲ ತೆಗೆದು ಬರೀ ಮಡಿಸಿದ್ರೆ ಆಗುತ್ತಾ ಮೇಡಂ?’ ಎಂದ. ಆಗುತ್ತದೆ, ಚೆನ್ನಾಗೇ ಆಗುತ್ತದೆ ಎಂದೆ. ಅವನ ಮುಖ ಸ್ವಲ್ಪ ಬಾಡಿತು. ಮಡಿಸಿದ ಚಾವಣಿ ಯಾವ ಪುರವಣಿಯಲ್ಲೂ ಬರುವುದಿಲ್ಲ ಎಂದು ಅವನಿಗೂ ಗೊತ್ತು.

ನಿಮ್ಮ ಲೇಖನದಲ್ಲಿ ಒಂದು ಸಾಲು ಇತ್ತು. ಮೂಳೆ ಬೆಳೆಯುವ ಹಾಗೆ ಕಂಪ್ಯೂಟರ್ ತಾನೇ ಕಟ್ಟಡದ ಆಕಾರವನ್ನು ತೀರ್ಮಾನಿಸಿತು ಎಂದು. ಇದರ ಬಗ್ಗೆ ಕೊಂಚ ವಿವರವಾಗಿ ಹೇಳಬೇಕು, ಯಾಕೆಂದರೆ ಇಡೀ ವಿಷಯದಲ್ಲಿ ನನಗೆ ತುಂಬ ಇಷ್ಟವಾದ ಭಾಗ ಇದೇ.

1866ರ ಸುಮಾರಿಗೆ ಜ್ಯೂರಿಕ್‌ನಲ್ಲಿ ಹರ್ಮನ್ ಫಾನ್ ಮೇಯರ್ ಎಂಬ ಅಂಗರಚನಾ ತಜ್ಞ ತೊಡೆಮೂಳೆಯ ತಲೆಯನ್ನು ಸೀಳಿ ಅದರೊಳಗಿನ ಸಣ್ಣ ಎಲುಬಿನ ಎಳೆಗಳ ಚಿತ್ರ ಬರೆದಿದ್ದ. ಕಾರ್ಲ್ ಕುಲ್ಮನ್ ಎಂಬ ಎಂಜಿನಿಯರ್ ಅದನ್ನು ನೋಡಿದ. ಆತ ಕ್ರೇನ್ ಒಂದರ ಒಳಗೆ ಒತ್ತಡ, ಎಳೆತ ಯಾವ ದಾರಿಯಲ್ಲಿ ಹರಿಯುತ್ತವೆ ಎಂದು ಗೆರೆ ಎಳೆಯುತ್ತಿದ್ದವ. ಎರಡೂ ಚಿತ್ರ ಒಂದನ್ನೊಂದು ಹೋಲುತ್ತಿದ್ದವು. ಭಾರ ಎಲ್ಲಿ ಹರಿಯುತ್ತದೋ ಅಲ್ಲಿ ಮೂಳೆ ಗಟ್ಟಿ, ಇಲ್ಲದ ಕಡೆ ಟೊಳ್ಳು. ಮುಂದೆ 1892ರಲ್ಲಿ ಯೂಲಿಯಸ್ ವುಲ್ಫ್ ಎಂಬ ಜರ್ಮನ್ ವೈದ್ಯ ಇದನ್ನು ನಿಯಮ ಮಾಡಿ ಬರೆದ.

ಸುಮಾರು ನೂರು ವರ್ಷದ ನಂತರ, 1988ರಲ್ಲಿ, ಬೆಂಡ್‌ಸೂ ಮತ್ತು ಕಿಕುಚಿ ಎಂಬಿಬ್ಬರು ಇಂಥದ್ದೇ ಕೆಲಸವನ್ನು ಕಂಪ್ಯೂಟರಿನಿಂದ ಮಾಡಿಸುವ ವಿಧಾನ ಪ್ರಕಟಿಸಿದರು. ಇದನ್ನು ಟೊಪಾಲಜಿ ಆಪ್ಟಿಮೈಸೇಷನ್ ಎನ್ನುತ್ತೇವೆ. ಪರದೆಯ ಮೇಲೆ ಒಂದು ಆಯತ ಇಡಿ. ಎರಡು ಮೂಲೆಯಲ್ಲಿ ಆಧಾರ, ನಡುವೆ ಒಂದು ಭಾರ. ಇಷ್ಟು ಜಾಗದಲ್ಲಿ ಶೇಕಡಾ 40 ಮಾತ್ರ ಸಾಮಗ್ರಿ ಕೊಡುತ್ತೇನೆ, ಹೆಚ್ಚು ಬಿಗಿಯಾಗಿರುವ ಹಾಗೆ ಹಂಚು ಎಂದು ಹೇಳಿ. ಮೊದಲು ಎಲ್ಲಾ ಬೂದು ಬಣ್ಣ. ಹತ್ತು ಸುತ್ತಿನ ಹೊತ್ತಿಗೆ ಮಬ್ಬಿನಲ್ಲಿ ಏನೋ ಮೂಡುತ್ತದೆ. ಐವತ್ತರ ಹೊತ್ತಿಗೆ ಕಪ್ಪು ಬಿಳುಪು ಬೇರೆಯಾಗಿ ಒಂದು ಕಮಾನು, ಅದರೊಳಗೆ ಓರೆ ಕಡ್ಡಿಗಳು, ಕೂಡುವಲ್ಲಿ ದಪ್ಪ, ನಡುವೆ ಸಪೂರ. ನೋಡಿದರೆ ಮೂಳೆಯ ನೆನಪೇ. ಓಲೆ ಸಿಗ್ಮಂಡ್ 2001ರಲ್ಲಿ ಈ ಪ್ರೋಗ್ರಾಮನ್ನು ಬರೀ 99 ಸಾಲಿನಲ್ಲಿ ಬರೆದು ಎಲ್ಲರಿಗೂ ಕೊಟ್ಟರು. ಕಲಿಯಬೇಕೆನ್ನುವವರು ಇವತ್ತಿಗೂ ಅಲ್ಲಿಂದ ಶುರು ಮಾಡಬಹುದು. ನಾನು ಎಷ್ಟೋ ಸಲ ಮಾಡಿದ್ದೇನೆ, ಆ ಬೂದು ಕರಗುವುದನ್ನು ನೋಡುವ ಖುಷಿ ಇನ್ನೂ ಹೋಗಿಲ್ಲ.

ಈಗ ಅದೇ ಪ್ರೋಗ್ರಾಮಿನಲ್ಲಿ ಒಂದು ಸಾಲು ತೆಗೆದುಹಾಕಿ. ನೆರೆಹೊರೆಯ ಚೌಕಗಳನ್ನು ಬೆರೆಸುವ ಫಿಲ್ಟರ್ ಸಾಲು. ಮತ್ತೆ ಓಡಿಸಿದರೆ ತೊಲೆಯ ತುಂಬ ಕಪ್ಪು ಬಿಳಿ ಚೌಕಗಳ ಚದುರಂಗದ ಹಾಸು ಬರುತ್ತದೆ. ನೋಡಲು ಬಲು ಚಂದ, ಯಾವುದೋ ಹವಳದ ಚರ್ಮ ಎಂದು ಹೇಳಿದರೂ ಜನ ನಂಬುತ್ತಾರೆ. ಆದರೆ ಅದು ಸುಳ್ಳು. ಮೂಲೆಗೆ ಮೂಲೆ ತಾಗಿದ ಚೌಕಗಳು ನಿಜವಾಗಿ ಬಾಗಿಲ ತಿರುಗಣಿಯ ಹಾಗೆ ತಿರುಗುತ್ತವೆ. ಲೆಕ್ಕದ ಒರಟುತನದಿಂದಾಗಿ ಕಂಪ್ಯೂಟರ್ ಅವನ್ನು ಗಟ್ಟಿ ಎಂದು ತಿಳಿದುಕೊಳ್ಳುತ್ತದೆ. ಈ ಹಾಸನ್ನೇ ‘ಕಂಪ್ಯೂಟರ್ ಕಂಡುಕೊಂಡ ಪ್ರಕೃತಿಯ ವಿನ್ಯಾಸ’ ಎಂದು ಗೋಡೆಗೆ ಹಾಕಿದ ಪ್ರದರ್ಶನ ಫಲಕ ನೋಡಿದ್ದೇನೆ. ಯಾರದು ಎಂದು ಹೇಳುವುದಿಲ್ಲ.

ಇನ್ನೊಂದು ಪ್ರಯೋಗ. ಭಾರವನ್ನು ನಡುವಿನಿಂದ ಸ್ವಲ್ಪ ಪಕ್ಕಕ್ಕೆ ಸರಿಸಿ. ಆ ಸುಂದರ ಆಕಾರ ಪೂರ್ತಿ ಬದಲಾಗುತ್ತದೆ. ಬದಿಯಿಂದ ಗಾಳಿ ಬೀಸಿತು ಎನ್ನಿ, ಇನ್ನೊಂದು ಆಕಾರ. ಒಂದೇ ಭಾರಕ್ಕೆ ಅಂದವಾಗಿ ಕೊರೆದ ತೊಲೆ ಬೇರೆ ಭಾರ ಬಂದಾಗ ಮಾಮೂಲಿ ತೊಲೆಗಿಂತ ಬೇಗ ಸೋಲಬಹುದು. ಮೂಳೆಗೆ ಈ ತಾಪತ್ರಯ ಇಲ್ಲ, ಯಾಕೆಂದರೆ ಅದು ಜೀವಂತ. ದೊಡ್ಡವರ ಅಸ್ಥಿಪಂಜರದಲ್ಲಿ ವರ್ಷಕ್ಕೆ ಹೆಚ್ಚುಕಡಿಮೆ ಶೇಕಡಾ 10 ಭಾಗ ಕರಗಿ ಹೊಸದಾಗುತ್ತದೆ. ತೂಕವೇ ಇಲ್ಲದ ಬಾಹ್ಯಾಕಾಶಕ್ಕೆ ಹೋದವರ ಸೊಂಟದ ಮೂಳೆ ತಿಂಗಳಿಗೆ ಶೇಕಡಾ 1ಕ್ಕಿಂತ ಜಾಸ್ತಿ ಸವೆಯುತ್ತದೆ, ಭಾರ ಇಲ್ಲವೆಂದು ಮೂಳೆ ಲೆಕ್ಕ ಬದಲಿಸಿಕೊಳ್ಳುತ್ತದೆ. ನಾವು ಕಟ್ಟುವ ಕಟ್ಟಡ ಹಾಗಲ್ಲ. ಒಮ್ಮೆ ನಿಂತರೆ ಮುಗಿಯಿತು. ಆದ್ದರಿಂದ ಅದು ಕಾಣಬಹುದಾದ ಎಲ್ಲ ಭಾರಗಳನ್ನೂ ಮೊದಲೇ ಯೋಚಿಸಿ ಕಂಪ್ಯೂಟರಿಗೆ ಹೇಳುವುದು ಮನುಷ್ಯರ ಕೆಲಸ. ‘ಕಂಪ್ಯೂಟರ್ ತಾನೇ ತೀರ್ಮಾನಿಸಿತು’ ಎಂದಾಗ ನನ್ನಂಥವರಿಗೆ ಕಿರಿಕಿರಿ ಆಗುವುದು ಇದಕ್ಕೇ. ಬಿಸಿಲು ಒಳಗೆ ಬರಬಾರದು ಎಂದಷ್ಟೇ ಜೆನೆಟಿಕ್ ಅಲ್ಗಾರಿದಂಗೆ (ಒಂದಷ್ಟು ವಿನ್ಯಾಸ ಹುಟ್ಟಿಸಿ, ಒಳ್ಳೆಯವನ್ನು ಆರಿಸಿ ಬೆರೆಸುತ್ತಾ ಹೋಗುವ ಪ್ರೋಗ್ರಾಂ) ಹೇಳಿ ರಾತ್ರಿ ಓಡಲು ಬಿಡಿ. ಬೆಳಿಗ್ಗೆ ಬಂದು ನೋಡಿದರೆ ಅದು ಕಿಟಕಿಗಳನ್ನೆಲ್ಲ ಮುಚ್ಚಿ ಕೂತಿರುತ್ತದೆ. ಕೇಳಿದ್ದಕ್ಕೆ ಸರಿಯಾದ ಉತ್ತರವೇ ಅದು.

ಗೆದ್ದಲ ಹುತ್ತದ ವಿಷಯಕ್ಕೆ ಬರುತ್ತೇನೆ. ಜಿಂಬಾಬ್ವೆಯ ಹರಾರೆಯಲ್ಲಿರುವ ಈಸ್ಟ್‌ಗೇಟ್ ಸೆಂಟರ್ 1996ರಲ್ಲಿ ತೆರೆಯಿತು. ಮಿಕ್ ಪಿಯರ್ಸ್ ಆರ್ಕಿಟೆಕ್ಟ್, ಅರಪ್ ಸಂಸ್ಥೆಯವರು ಎಂಜಿನಿಯರುಗಳು. ನಿಮ್ಮ ಲೇಖನದಲ್ಲಿ ಬಂದ ಹಾಗೆ, ಮಾಮೂಲಿ ಏರ್‌ಕಂಡೀಷನ್ ಇಲ್ಲದೆ ತಂಪಾಗಿರುವ ದೊಡ್ಡ ಕಟ್ಟಡ. ಹುತ್ತವು ತಳದಿಂದ ತಂಪು ಗಾಳಿ ಎಳೆದು ಮೇಲಿನಿಂದ ಬಿಸಿ ಗಾಳಿ ಬಿಡುತ್ತದೆ, ಒಳಗಿನ ಉಷ್ಣತೆಯನ್ನು ಒಂದೇ ಮಟ್ಟದಲ್ಲಿ ಇಡುತ್ತದೆ ಎಂಬ ನಂಬಿಕೆಯಿಂದ ಅದು ಹುಟ್ಟಿತು. ಆಮೇಲೆ ಸ್ಕಾಟ್ ಟರ್ನರ್ ಎಂಬ ಜೀವವಿಜ್ಞಾನಿ ಮತ್ತು ರೂಪರ್ಟ್ ಸೋರ್ ಹುತ್ತಗಳನ್ನೇ ಅಳೆದು 2008ರಲ್ಲಿ ಬರೆದದ್ದು ಬೇರೆ. ಗೂಡಿನ ಉಷ್ಣತೆ ಸುತ್ತಲಿನ ಮಣ್ಣಿನ ಉಷ್ಣತೆಯ ಜೊತೆಗೇ ಏರಿಳಿಯುತ್ತದೆ. ಹುತ್ತದ ಮುಖ್ಯ ಕೆಲಸ ಎಸಿಯದ್ದಲ್ಲ, ಶ್ವಾಸಕೋಶದ್ದು. ಹೊರಗಿನ ಗಾಳಿಯ ಏರಿಳಿತವನ್ನು ಬಳಸಿ ಒಳಗಿನ ಕೆಟ್ಟ ಗಾಳಿಯನ್ನು ಬದಲಾಯಿಸುವುದು.

ಹಾಗಾದರೆ ಈಸ್ಟ್‌ಗೇಟ್ ಸೋತಿತೇ? ಇಲ್ಲ, ಕಟ್ಟಡ ಕೆಲಸ ಮಾಡುತ್ತದೆ. ಹರಾರೆ ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಎತ್ತರದಲ್ಲಿದೆ. ಹಗಲು ಬಿಸಿಲಿದ್ದರೂ ರಾತ್ರಿ ತಂಪು. ರಾತ್ರಿ ಫ್ಯಾನುಗಳು ತಂಪು ಗಾಳಿಯನ್ನು ನೆಲದೊಳಗಿನ ಟೊಳ್ಳುಗಳಲ್ಲಿ ಜೋರಾಗಿ ಹಾಯಿಸಿ ಕಾಂಕ್ರೀಟನ್ನು ತಣ್ಣಗೆ ಮಾಡುತ್ತವೆ. ಹಗಲು ಅದೇ ಕಾಂಕ್ರೀಟ್ ಶಾಖ ಹೀರಿಕೊಳ್ಳುತ್ತದೆ. ಗೆದ್ದಲಿಗಿಂತ ಹರಾರೆಯ ರಾತ್ರಿಗೆ ಅಲ್ಲಿ ಹೆಚ್ಚು ಪಾಲಿದೆ. ರಾತ್ರಿಯೂ ಸೆಕೆ ಇರುವ ಊರಿನಲ್ಲಿ ಇದೇ ಕಟ್ಟಡವನ್ನು ಹುತ್ತದ ಹೆಸರಿನಲ್ಲಿ ಕಟ್ಟಿದರೆ ಒಳಗೆ ಕೂತವರು ಬೇಯುತ್ತಾರೆ. ಕಥೆ ಚೆನ್ನಾಗಿದೆ ಎಂದು ಕಾರಣ ಬಿಟ್ಟರೆ ಆಗುವ ನಷ್ಟ ಇದು. ಟರ್ನರ್ ಮತ್ತು ಸೋರ್ ಕೆಲಸದಿಂದ ಇನ್ನೊಂದು ದಾರಿಯೂ ತೆರೆಯಿತು ಎನ್ನುವುದನ್ನು ಮರೆಯಬಾರದು. ಉಸಿರಾಡುವ ಗೋಡೆ ಕಟ್ಟಬಹುದಲ್ಲ ಎಂಬ ಯೋಚನೆ. ತಪ್ಪು ಹುತ್ತಕ್ಕಿಂತ ಸರಿಯಾದ ಹುತ್ತ ಹೆಚ್ಚು ಸ್ವಾರಸ್ಯವಾಗಿದೆ.

ಬೀಜಿಂಗ್‌ನ ವಾಟರ್ ಕ್ಯೂಬ್ ಎಂಬ ಈಜುಕೊಳದ ಕಟ್ಟಡದ ಬಗ್ಗೆ ನಿಮ್ಮ ಚಿತ್ರದ ಅಡಿಬರಹದಲ್ಲಿ ‘ನೀರಿನ ಗುಳ್ಳೆಗಳ ನಕಲು’ ಎಂದಿತ್ತು. ಅದರ ಕಥೆ ಇನ್ನೂ ಚೆನ್ನಾಗಿದೆ. ಒಂದೇ ಗಾತ್ರದ ಕೋಣೆಗಳಿಂದ ಜಾಗವನ್ನೆಲ್ಲ ತುಂಬಬೇಕು, ಗೋಡೆಯ ಮೇಲ್ಮೈ ಆದಷ್ಟು ಕಡಿಮೆ ಇರಬೇಕು, ಯಾವ ಆಕಾರ? 1887ರಲ್ಲಿ ಲಾರ್ಡ್ ಕೆಲ್ವಿನ್ ಎಂಬ ವಿಜ್ಞಾನಿ ಒಂದು ಉತ್ತರ ಕೊಟ್ಟ. ನೂರು ವರ್ಷಕ್ಕೂ ಮಿಕ್ಕಿ ಅದಕ್ಕಿಂತ ಒಳ್ಳೆಯದು ಯಾರಿಗೂ ಸಿಗಲಿಲ್ಲ. 1993ರಲ್ಲಿ ಡೆನಿಸ್ ವಿಯರ್ ಮತ್ತು ರಾಬರ್ಟ್ ಫೆಲನ್ ಕಂಪ್ಯೂಟರಿನಲ್ಲಿ ನೊರೆಯನ್ನು ಅನುಕರಿಸುತ್ತಾ ಕೆಲ್ವಿನ್‌ನದಕ್ಕಿಂತ ಶೇಕಡಾ 0.3ರಷ್ಟು ಕಡಿಮೆ ಮೇಲ್ಮೈಯ ಜೋಡಣೆ ಕಂಡರು. ಅದನ್ನೇ ಓರೆಯಾಗಿ ಕೊಯ್ದು 2008ರ ಒಲಿಂಪಿಕ್ಸ್ ಈಜುಕೊಳದ ಚೌಕಟ್ಟು ಮಾಡಿದರು. ಕಣ್ಣಿಗೆ ಅಡ್ಡಾದಿಡ್ಡಿ, ಒಳಗೆ ಮಾತ್ರ ಕೆಲವೇ ತುಣುಕುಗಳ ಪುನರಾವರ್ತನೆ.

ಎಂಜಿನಿಯರ್ ಆಗಿ ಒಂದು ತಕರಾರು ಇದೆ. ಗುಳ್ಳೆಗೆ ಬೇಕಿರುವುದು ಪೊರೆಯ ಉಳಿತಾಯ. ಉಕ್ಕಿನ ಕೊಳವೆಗೆ ಬೇಕಿರುವುದು ಬಾಗದೆ ನಿಲ್ಲುವುದು. ನೊರೆಯ ಅಂಚುಗಳನ್ನು ಕೊಳವೆಯಾಗಿ ಮಾಡಿದರೆ ತ್ರಿಕೋನಗಳೇ ಇರುವುದಿಲ್ಲ, ಕೂಡುವ ಕಡೆಗಳೆಲ್ಲ ಬಾಗುವ ಭಾರವನ್ನು ಹೊರಬೇಕು. ಉಕ್ಕನ್ನು ಉಳಿಸುವುದೇ ಗುರಿಯಾಗಿದ್ದರೆ ನಾನು ತ್ರಿಕೋನ ಹಾಕುತ್ತಿದ್ದೆ. ಆ 22,000ಕ್ಕೂ ಹೆಚ್ಚು ತುಂಡುಗಳಿಗೆ ಒಂದೊಂದಕ್ಕೂ ಸರಿಯಾದ ಗಾತ್ರ ಹುಡುಕಿಕೊಟ್ಟದ್ದು ಎಂಜಿನಿಯರುಗಳು ಬರೆದ ಪ್ರೋಗ್ರಾಂ. ಅಲ್ಲಿ ಕಂಪ್ಯೂಟರಿನ ಅಸಲಿ ದುಡಿಮೆ ಅದು. ಫೋಟೋದಲ್ಲಿ ಬರುವುದಿಲ್ಲ.

ಇಷ್ಟೆಲ್ಲ ಗೊಣಗಿದ ಮೇಲೆ ಒಳ್ಳೆಯದನ್ನೂ ಹೇಳಬೇಕಲ್ವಾ. ಸ್ಟುಟ್‌ಗಾರ್ಟ್ ವಿಶ್ವವಿದ್ಯಾಲಯದಲ್ಲಿ ಆಕಿಮ್ ಮೆಂಗೆಸ್ ಮತ್ತು ಯಾನ್ ಕ್ನಿಪ್ಪರ್ಸ್ ತಂಡಗಳು ಜೀವವಿಜ್ಞಾನಿಗಳನ್ನು ಪಕ್ಕದಲ್ಲೇ ಕೂರಿಸಿಕೊಂಡು ಕೆಲಸ ಮಾಡಿವೆ. 2011ರಲ್ಲಿ ಅವರು ಸ್ಯಾಂಡ್ ಡಾಲರ್ ಎಂಬ ಚಪ್ಪಟೆ ಸಮುದ್ರಜೀವಿಯ ಚಿಪ್ಪನ್ನು ಎತ್ತಿಕೊಂಡರು. ಆ ಚಿಪ್ಪು ಸಣ್ಣ ಸಣ್ಣ ಫಲಕಗಳ ಜೋಡಣೆ. ಪಕ್ಕದ ಫಲಕಗಳ ಅಂಚು ಎರಡು ಕೈಯ ಬೆರಳು ಹೆಣೆದ ಹಾಗೆ ಕೂಡುತ್ತದೆ. ಯಾವ ಬಿಂದುವಿನಲ್ಲಾದರೂ ಮೂರೇ ಫಲಕಗಳು ಸೇರುತ್ತವೆ. ಈ ಮೂರರ ನಿಯಮದಲ್ಲೇ ಗುಟ್ಟಿದೆ. ಹೀಗಿದ್ದರೆ ಅಂಚುಗಳು ಬಾಗುವ ಭಾರ ಹೊರದಿದ್ದರೂ ಇಡೀ ಚಿಪ್ಪು ಗಟ್ಟಿಯಾಗಿ ನಿಲ್ಲುತ್ತದೆ. ಬೆರಳು ಹೆಣೆದಂಥ ಮರದ ಜೋಡಣೆಗೆ ಬಾಗುವುದೇ ದೌರ್ಬಲ್ಯ. ಎರಡೂ ಒಂದಕ್ಕೊಂದು ಹೇಳಿ ಮಾಡಿಸಿದ ಹಾಗಿವೆ. ಬರೀ 6.5 ಮಿಲಿಮೀಟರ್ ದಪ್ಪದ ಪ್ಲೈವುಡ್‌ನಿಂದ ಮಂಟಪ ನಿಂತಿತು. ಫಲಕಗಳು ಒಂದರಂತೆ ಒಂದಿಲ್ಲ, ಪ್ರತಿ ಅಂಚಿನ ಓರೆ ಬೇರೆ. ಕೈಯಲ್ಲಿ ಕೊಯ್ಯಲು ಹೋದರೆ ಯಾವ ಬಡಗಿಯೂ ಒಪ್ಪುವುದಿಲ್ಲ. ಕಂಪ್ಯೂಟರ್ ಅಳತೆ ಕೊಟ್ಟಿತು, ರೋಬಾಟ್ ಕೊಯ್ದಿತು. ಜೀವಿಯಿಂದ ನಿಯಮ, ಕಂಪ್ಯೂಟರಿನಿಂದ ಅಳತೆ, ಯಂತ್ರದಿಂದ ಕೊಯ್ತ, ಮೂರೂ ಅಲ್ಲಿ ಒಟ್ಟಿಗೆ ಕೂಡಿದವು. ಇದೇ ದಾರಿಯಲ್ಲಿ ಮುಂದುವರಿದು 2019ರಲ್ಲಿ ಹೈಲ್‌ಬ್ರಾನ್ ತೋಟಗಾರಿಕೆ ಮೇಳಕ್ಕೆ 30 ಮೀಟರ್ ಅಗಲದ ಮರದ ಚಿಪ್ಪು ಕಟ್ಟಿದರು.

ಅದೇ ಮೇಳದಲ್ಲಿ ಗಾಜು ಮತ್ತು ಕಾರ್ಬನ್ ನಾರಿನ ಇನ್ನೊಂದು ಮಂಟಪ. ಜೀವಿಗಳ ಮೈಯಲ್ಲಿ ನಾರು ಹೇಗೆ ಹೆಣೆದಿರುತ್ತದೆ ಎಂದು ಕಲಿತು ರೋಬಾಟ್‌ನಿಂದ ಹೆಣೆಸಿದ್ದು. 23 ಮೀಟರ್ ಅಗಲ, ಸುಮಾರು ಒಂದೂವರೆ ಲಕ್ಷ ಮೀಟರ್ ನಾರು. ತೂಕ ಚದರ ಮೀಟರಿಗೆ 7.6 ಕೆಜಿ. ಇಂಥ ಒಂದು ಅಂಕಿ ಕೊಟ್ಟರೆ ನನಗೆ ಅರ್ಧ ಕಟ್ಟಡ ಅರ್ಥವಾಗುತ್ತದೆ. ಅಂಟಿನಲ್ಲಿ ಸೇರಿಹೋದ ನಾರನ್ನು ಕೊನೆಗೆ ಬಿಡಿಸಿ ಮತ್ತೆ ಬಳಸುವುದು ಕಷ್ಟ ಎಂಬ ಕೊರತೆಯನ್ನೂ ಹೇಳಿಬಿಡುತ್ತೇನೆ. ಜೀವಿಯ ನಾರಾದರೆ ಮಣ್ಣಿಗೆ ಸೇರುತ್ತದೆ.

ಮಂಟಪಗಳ ಮಾತು ಸಾಕು. ಜನ ವಾಸ ಮಾಡುವ, ಕೆಲಸ ಮಾಡುವ ಬಹುಮಹಡಿ ಕಟ್ಟಡಗಳಲ್ಲಿ ತೂಕ ಎಲ್ಲಿದೆ? ಬಹುಪಾಲು ನೆಲದಲ್ಲಿ, ಅಂದರೆ ಸ್ಲ್ಯಾಬಿನಲ್ಲಿ. ಆರಿಂಚಿನ ಸ್ಲ್ಯಾಬ್ ಚದರ ಮೀಟರಿಗೆ ಸುಮಾರು 375 ಕೆಜಿ. ಅದರ ಕೆಳಗಿನ ಅರ್ಧದಲ್ಲಿರುವ ಕಾಂಕ್ರೀಟ್ ಎಳೆತಕ್ಕೆ ಸಿಕ್ಕಿ ಬಿರುಕುಬಿಡುತ್ತದೆ, ಎಳೆತವನ್ನು ಹೊರುವುದು ಒಳಗಿನ ಕಬ್ಬಿಣ. ಅಲ್ಲಿನ ಕಾಂಕ್ರೀಟ್ ಬಹುಮಟ್ಟಿಗೆ ಸುಮ್ನೆ ಕೂತಿರುತ್ತದೆ. ಪ್ರಪಂಚದ ಇಂಗಾಲದ ಡೈಆಕ್ಸೈಡ್‌ನಲ್ಲಿ ಸುಮಾರು ಶೇಕಡಾ 8 ಸಿಮೆಂಟ್ ತಯಾರಿಕೆಯಿಂದ ಬರುತ್ತದೆ. ಸುಮ್ನೆ ಕೂತ ಕಾಂಕ್ರೀಟೂ ಅದರಲ್ಲಿ ಸೇರಿದೆ.

ಇಟಲಿಯ ಪಿಯರ್ ಲುಯಿಜಿ ನೆರ್ವಿ 1950ರ ಆಸುಪಾಸಿನಲ್ಲೇ ರೋಮ್‌ನ ಗಾಟ್ಟಿ ಉಣ್ಣೆ ಕಾರ್ಖಾನೆಯಲ್ಲಿ ನೆಲದ ಕೆಳಗೆ ಭಾರ ಹರಿಯುವ ಗೆರೆಗಳ ಹಾದಿಯಲ್ಲೇ ಬಾಗಿದ ಪಟ್ಟಿಗಳನ್ನು ಎರಕ ಹೊಯ್ದಿದ್ದರು. ಅದನ್ನು ಕೆಳಗೆ ನಿಂತು ನೋಡಿದರೆ ಎಲೆಯ ನರದ ನೆನಪಾಗುತ್ತದೆ, ಆದರೆ ಎಲೆಯನ್ನು ನೋಡಿ ಮಾಡಿದ್ದಲ್ಲ. ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದಲ್ಲಿ ಫಿಲಿಪ್ ಬ್ಲಾಕ್ ಅವರ ತಂಡ ಹುಕ್‌ನ ಸರಪಳಿಯನ್ನೇ ಕಂಪ್ಯೂಟರಿಗೆ ಹಾಕಿ, ತೆಳುವಾದ ಕಮಾನಿನ ಚಿಪ್ಪಿನ ಮೇಲೆ ಪಟ್ಟಿಗಳಿರುವ ನೆಲ ಮಾಡಿದೆ. ಕಾಂಕ್ರೀಟ್ ಶೇಕಡಾ 70ರವರೆಗೂ ಕಡಿಮೆ ಸಾಕು ಎಂದು ಅವರ ಲೆಕ್ಕ. 2021ರಲ್ಲಿ ಸ್ವಿಟ್ಜರ್ಲೆಂಡಿನ ಡ್ಯೂಬೆನ್‌ಡಾರ್ಫ್‌ನಲ್ಲಿ ಮುಗಿದ ಹೈಲೋ ಎಂಬ ಕಟ್ಟಡದಲ್ಲಿ ಅಂಥ ನೆಲ ಹಾಕಿದ್ದಾರೆ. ಅಚ್ಚು ಮಾಡುವುದು ಕಷ್ಟ, ಹಲಗೆಯ ಸೆಂಟ್ರಿಂಗ್‌ಗಿಂತ ದುಬಾರಿ. ಅದಕ್ಕೇ ಎಲ್ಲರೂ ಚಪ್ಪಟೆ ಸ್ಲ್ಯಾಬ್ ಹಾಕುತ್ತಾರೆ. ಈ ಖರ್ಚನ್ನು ಇಳಿಸುವುದರಲ್ಲಿ ಕಂಪ್ಯೂಟರ್ ಮತ್ತು ಯಂತ್ರಗಳು ನಿಜವಾಗಿ ನೆರವಾಗಬಲ್ಲವು. ಮುಂದಿನ ಹತ್ತು ವರ್ಷ ನನ್ನ ಕಸುಬಿನವರು ಮೈ ಬಗ್ಗಿಸಬೇಕಾದ ಜಾಗ ಗೋಪುರಗಳಿಗಿಂತ ಜಾಸ್ತಿ ಇದೇ ಎಂದು ನನ್ನ ಅಭಿಪ್ರಾಯ.

ಆದ್ದರಿಂದ ಒಂದು ಕೋರಿಕೆ. ಇಂಥ ಕಟ್ಟಡದ ಚಿತ್ರ ಹಾಕುವಾಗ ಅದರ ಕೆಳಗೆ ಒಂದು ಸಾಲು ಜಾಗ ಬಿಡಿ. ಚದರ ಮೀಟರಿಗೆ ಎಷ್ಟು ಕೆಜಿ, ಆಧಾರದಿಂದ ಆಧಾರಕ್ಕೆ ಎಷ್ಟು ಮೀಟರ್. ತಂಪಿನ ಮಾತು ಬಂದರೆ ಜನ ಒಳಗೆ ಸೇರಿ ಒಂದು ವರ್ಷ ಆದ ಮೇಲೆ ಅಳೆದ ಕರೆಂಟ್ ಎಷ್ಟು, ಮೊದಲೇ ಅಂದಾಜು ಮಾಡಿದ್ದಲ್ಲ. ಯಾವ ಜೀವಿಯಿಂದ ಯಾವ ನಿಯಮ ತೆಗೆದುಕೊಂಡರು, ಆ ಜೀವಿಯನ್ನು ಬಲ್ಲವರೊಬ್ಬರು ಒಪ್ಪಿದ್ದಾರಾ ಎಂದೂ ಒಂದು ಮಾತು ಕೇಳಿ. ಉತ್ತರ ಕೊಡದವರ ಚಿತ್ರ ಹಾಕಬೇಡಿ ಎನ್ನುತ್ತಿಲ್ಲ. ಉತ್ತರ ಸಿಗಲಿಲ್ಲ ಎಂದು ಬರೆದರೆ ಸಾಕು, ಮುಂದಿನ ಸಲ ಅವರೇ ಲೆಕ್ಕ ಹಿಡಿದುಕೊಂಡು ಬರುತ್ತಾರೆ.

ಎಲೆಯಂಥ ಆ ಚಾವಣಿಯ ಲೆಕ್ಕವನ್ನು ಬೇಕಿದ್ದರೆ ನಾನೇ ಮಾಡಿಕೊಡುತ್ತೇನೆ. ಆರ್ಕಿಟೆಕ್ಟರನ್ನು ಕೇಳಿ ಮೂರು ಅಳತೆ ತರಿಸಿ: ಮುಖ್ಯ ಕೊಳವೆಯ ವ್ಯಾಸ, ಅದರ ಗೋಡೆಯ ದಪ್ಪ, ಎಲ್ಲ ಕೊಳವೆಗಳ ಒಟ್ಟು ಉದ್ದ. ಚಾವಣಿಯ ವಿಸ್ತೀರ್ಣ ಅಂದಾಜಿನಲ್ಲಿ ಸಿಕ್ಕರೂ ಆಯಿತು. ಒಂದು ಸಂಜೆಯ ಕೆಲಸ.

ಇಂತಿ,
ನಿಮ್ಮ ಖಾಯಂ ಓದುಗರಲ್ಲೊಬ್ಬಳು,
ಸ್ಟ್ರಕ್ಚರಲ್ ಎಂಜಿನಿಯರ್